ಚಿತ್ರ ನಾಲ್ಕನ್ನು ನೋಡಿ

ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಅಂದು ವಿಶ್ವವಿದ್ಯಾಲಯದ ಮೂರನೇ ಮಹಡಿಯ ಆ ಕೋಣೆಯಲ್ಲಿ ಬಂದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇತ್ತು. ವಿಚಾರಣೆಗೆ ಕರೆಸಿದ್ದು ನನ್ನನ್ನಲ್ಲ, ನನ್ನ ಜೊತೆ ಬಾಡಿಗೆ ಕೋಣೆಯಲ್ಲಿದ್ದ ಸಿಸ್ಟರನ್ನು. ಪರೀಕ್ಷೆಯಲ್ಲಿ ನಕಲು ಮಾಡಿದ್ದಾಳೆಂಬುದು ಆರೋಪ.

ಸಿಸ್ಟರ್ ಅಂದರೆ ನರ್ಸು. ಹನ್ನೊಂದು ವರ್ಷ ಊರಿನ ದೊಡ್ಡಾಸ್ಪತ್ರೆಯ ಆಪರೇಷನ್ ವಾರ್ಡಿನಲ್ಲಿ ದುಡಿದು, ಮೂವತ್ತಾರನೇ ವಯಸ್ಸಿಗೆ ಕೆಲಸ ಬಿಟ್ಟು, ಎಂಟು ವರ್ಷದ ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು, ನರ್ಸಿಂಗ್ ಪದವಿ ಓದಲು ಈ ಪರದೇಶಕ್ಕೆ ಬಂದವಳು. ಮೊದಲ ವರ್ಷ ದಾಟಿದರೆ ಮಗಳನ್ನು ಕರೆಸಿಕೊಳ್ಳಬಹುದಿತ್ತು. ನಕಲು ಸಾಬೀತಾದರೆ ಓದೂ ಇಲ್ಲ, ವೀಸಾವೂ ಇಲ್ಲ, ಇಪ್ಪತ್ತೆಂಟು ದಿನದಲ್ಲಿ ಗಂಟುಮೂಟೆ ಕಟ್ಟಬೇಕು. ವಿಚಾರಣೆಗೆ ಕರೆದ ಪತ್ರ ಬಂದ ದಿನದಿಂದ ಅವಳ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ಮಗಳು ಫೋನಿನಲ್ಲಿ, "ಅಮ್ಮಾ, ಅಲ್ಲಿಗೆ ನನ್ನ ಸೈಕಲ್ ತರ್ಬೋದಾ?" ಅಂತ ಕೇಳಿದರೆ, "ನೋಡೋಣ ಪುಟ್ಟಾ" ಅಂದು ಇಟ್ಟುಬಿಡುತ್ತಿದ್ದಳು.

ಈಗ ನನ್ನ ಪಾಲಿನ ಪಾಪ ಹೇಳಿಬಿಡುತ್ತೇನೆ. ಇಲ್ಲಿನ ಭಾಷೆ ಅವಳಿಗೆ ರೋಗಿಯ ಜೊತೆ ಮಾತಾಡುವಷ್ಟು ಬರುತ್ತಿತ್ತು, ಪುಟಗಟ್ಟಲೆ ಬರೆಯುವಷ್ಟಲ್ಲ. ಬರೆಯಲು ಕೂತರೆ ಪೆನ್ನು ಕಚ್ಚುವುದೇ ಕೆಲಸ. ನೋಡಿ ನೋಡಿ ತಲೆಕೆಟ್ಟು ನಾನೇ ಹೇಳಿದೆ: "ಸ್ವಂತ ವಾಕ್ಯ ಕಟ್ಟಕ್ಕೆ ಹೋಗಿ ಯಾಕೆ ಒದ್ದಾಡ್ತೀರಾ ಸಿಸ್ಟರ್? ಪುಸ್ತಕದಲ್ಲಿ ಇದ್ದ ಹಾಗೇ ಉರು ಹೊಡೆದು ಬರೀರಿ. ಅದು ಹೇಗೆ ಮಾರ್ಕ್ಸ್ ಕೊಡಲ್ವೋ ನಾನೂ ನೋಡ್ತೀನಿ."

ನಾನು ಹತ್ತನೇ ತರಗತಿಯಲ್ಲಿ ಶಾಲೆಗೇ ಮೊದಲು ಬಂದದ್ದು ಹಾಗೆಯೇ. ಪುಸ್ತಕದ ಮಾತು ಒಂದಕ್ಷರ ಬಿಡದೆ ಬರೆದವರ ಬೆನ್ನನ್ನು ನಮ್ಮ ಮೇಷ್ಟ್ರು ತಟ್ಟುತ್ತಿದ್ದರು. ಹಾಗಾಗಿ ದಿನಾ ಸಂಜೆ ಅವಳು ತರಕಾರಿ ಹೆಚ್ಚುತ್ತಾ ಒಪ್ಪಿಸುವುದು, ನಾನು ಮಂಚದ ಮೇಲೆ ಪುಸ್ತಕ ಹಿಡಿದು ಕೂರುವುದು. ಒಂದು ಪದ ತಪ್ಪಿದರೂ, "ಮತ್ತೆ ಮೊದ್ಲಿಂದ!" ಅನ್ನುತ್ತಿದ್ದೆ. "ನಮ್ಮ ಮೇಷ್ಟ್ರೇ ವಾಸಿ ಕಣೇ, ನೀನು ರಾಕ್ಷಸಿ" ಅಂತ ನಗುತ್ತಿದ್ದಳು.

ಕೋಣೆಯಲ್ಲಿ ಮೂವರಿದ್ದರು. ಕನ್ನಡಕದ ಹಿರಿಯ ಹೆಂಗಸು ಅಧ್ಯಕ್ಷೆ. ಪಕ್ಕದಲ್ಲಿ ಆ ವಿಷಯದ ಪ್ರೊಫೆಸರು. ತುದಿಯಲ್ಲಿ ಎಲ್ಲವನ್ನೂ ಟೈಪು ಮಾಡುವ ಗುಮಾಸ್ತೆ. ನಾನು ಜೊತೆಗಾರ್ತಿಯಾಗಿ ಕೂರಬಹುದು, ಬಾಯಿ ತೆರೆಯುವಂತಿಲ್ಲ ಎಂದು ಮೊದಲೇ ಎಚ್ಚರಿಸಿದ್ದರು. ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಉಂಟೇ?

ಪ್ರೊಫೆಸರು ಉತ್ತರಪತ್ರಿಕೆಯನ್ನೂ ಪುಸ್ತಕವನ್ನೂ ಅಕ್ಕಪಕ್ಕ ಇಟ್ಟರು. "ಎರಡೂವರೆ ಪುಟ. ಒಂದು ಪದ ಆಚೀಚೆ ಆಗಿಲ್ಲ. ಇಲ್ಲಿ ನೋಡಿ, 'ಕೆಳಗಿನ ಚಿತ್ರ ನಾಲ್ಕನ್ನು ನೋಡಿ' ಅಂತ ಬರೆದಿದ್ದೀರಿ. ಎಲ್ಲಿದೆ ಚಿತ್ರ?"

ಆ ಸಾಲನ್ನು ಅವಳು ಬಿಟ್ಟಾಗಲೆಲ್ಲ ಗದರಿಸಿ ಹೇಳಿಸಿದ್ದು ನಾನೇ. ನನ್ನ ತಲೆಗಿಷ್ಟು ಮಣ್ಣು ಹಾಕ!

"ನಕಲು ಮಾಡಿಲ್ಲ ಸಾರ್" ಎಂದಳು ಸಿಸ್ಟರ್. "ಬಾಯಿಪಾಠ ಮಾಡಿದ್ದೆ."

"ಎರಡೂವರೆ ಪುಟಾನಾ?" ಅಧ್ಯಕ್ಷೆ ಹುಬ್ಬೇರಿಸಿದರು. "ಯಾರು ಮಾಡ್ತಾರೆ ಹಾಗೆ?"

"ನಮ್ಮ ಕಡೆ ಎಲ್ಲಾರೂ ಮಾಡ್ತೀವಿ ಮೇಡಂ."

ಪ್ರೊಫೆಸರು ಪುಸ್ತಕ ಕೈಗೆತ್ತಿಕೊಂಡು ನಡುವಿನ ಯಾವುದೋ ಒಂದು ಸಾಲು ಓದಿ, "ಸರಿ, ಮುಂದೆ ಹೇಳಿ" ಎಂದರು.

ಸಿಸ್ಟರ್ ಬಾಯಿ ತೆರೆದಳು. ಮಾತು ಬರಲಿಲ್ಲ. ತುಟಿ ಅಲ್ಲಾಡುತ್ತಿತ್ತು, ಅಷ್ಟೇ. ಅಧ್ಯಕ್ಷೆ ಕಾಗದದ ಮೇಲೆ ಏನೋ ಗುರುತು ಹಾಕಿಕೊಂಡು ಪೆನ್ನಿನ ಮುಚ್ಚಳ ಹಾಕಿದರು. ಉರು ಹೊಡೆದವರಿಗೆ ಗೊತ್ತು, ನಡುವಿನಿಂದ ಎತ್ತಿಕೊಳ್ಳಲು ಬರುವುದಿಲ್ಲ. ಮೊದಲ ಪದ ಸಿಕ್ಕರೆ ಮಾತ್ರ ಉಳಿದದ್ದು ಸರಪಳಿಯ ಹಾಗೆ ಬರುತ್ತದೆ. ಇದು ಆ ಮೂವರಿಗೆ ಹೇಗೆ ಗೊತ್ತಾಗಬೇಕು?

ನಾನು ಎದ್ದು ನಿಂತಿದ್ದೆ. "ಮೊದ್ಲಿಂದ ಹೇಳಕ್ಕೆ ಬಿಡಿ!"

"ಕೂತ್ಕೊಳ್ಳಿ. ಇನ್ನೊಂದು ಮಾತಾಡಿದ್ರೆ ಹೊರಗೆ ಕಳಿಸ್ತೀನಿ."

"ಕಳಿಸಿ ಮೇಡಂ. ಆದ್ರೆ ಅವರಿಗೆ ಸಾಲು ಕೊಡಬೇಡಿ, ಪಾಠದ ಹೆಸರು ಕೊಡಿ. ಉರು ಹೊಡ್ಸಿದ್ದು ನಾನು. ತಪ್ಪಿದ್ರೆ ನನ್ನ ಹೆಸರೂ ಬರ್ಕೊಳ್ಳಿ." ಜೋರಾಗಿಯೇ ಅಂದೆ.

ಅಧ್ಯಕ್ಷೆ ನನ್ನನ್ನು ಹೊರಗೆ ಕಳಿಸಲಿಲ್ಲ. ಪಾಠದ ಹೆಸರು ಹೇಳಿದರು. ಸಿಸ್ಟರ್ ಕಣ್ಣು ಮುಚ್ಚಿದಳು. ಮೊದಲ ಪದ ಬಂತು, ಎರಡನೆಯದು ಬಂತು, ಆಮೇಲೆ ಅವಳನ್ನು ತಡೆಯುವವರೇ ಇಲ್ಲ. ಪ್ರೊಫೆಸರ ಬೆರಳು ಪುಸ್ತಕದ ಮೇಲೆ ಸಾಲಿಂದ ಸಾಲಿಗೆ ಓಡಿತು. ಚಿತ್ರ ನಾಲ್ಕನ್ನೂ ನೋಡಿ ಎಂದಳು, ಪುಟ ತಿರುಗಿಸಬೇಕಾದ ಕಡೆ ಉಸಿರೆಳೆದುಕೊಂಡಳು, ಮುಗಿಸಿದಳು.

"ಸರಿ. ಇದು ನಕಲಲ್ಲ" ಎಂದರು ಅಧ್ಯಕ್ಷೆ.

ಉಸ್ಸಪ್ಪಾ ಎಂದು ಕೂತೆ. ಆದರೆ ಪ್ರೊಫೆಸರು ಪುಸ್ತಕ ಮುಚ್ಚಿದರು. "ನಕಲಲ್ಲ, ಒಪ್ಪಿದೆ. ಆದ್ರೆ ಉತ್ತರವೂ ಅಲ್ಲ. ಅರ್ಥ ಆಗದೆ ಉರು ಹೊಡೆಯೋರನ್ನ ನಾನು ರೋಗಿ ಹತ್ತಿರ ಬಿಡಲ್ಲ, ಈ ಕೋರ್ಸಿನಲ್ಲೂ ಇಟ್ಕೊಳ್ಳಲ್ಲ. ಒಂದೇ ಪ್ರಶ್ನೆ ಕೇಳ್ತೀನಿ. ಆಪರೇಷನ್ ಆದ ರೋಗಿಗೆ ದೇಹದ ಒಳಗೇ ರಕ್ತ ಸೋರ್ತಿದೆ. ನಿಮಗೆ ಹೇಗೆ ಗೊತ್ತಾಗತ್ತೆ?"

"ಹದಿನೈದು ನಿಮಿಷಕ್ಕೊಮ್ಮೆ ರಕ್ತದ ಒತ್ತಡವನ್ನು ಅಳೆದು..." ಸಿಸ್ಟರ್ ಮತ್ತೆ ಕಣ್ಣು ಮುಚ್ಚಿದಳು.

"ಪುಸ್ತಕ ಬೇಡ. ನೀವು ಹೇಳಿ."

ಎಲ್ಲಾ ಕೈ ತಪ್ಪಿತು ಅಂದುಕೊಂಡೆ. ಈ ಪ್ರಶ್ನೆಯನ್ನು ನಾನು ಅವಳಿಗೆ ಒಂದು ದಿನವೂ ಕೇಳಿರಲಿಲ್ಲ.

ಸಿಸ್ಟರ್ ಕಣ್ಣು ತೆರೆದಳು. ಹರಕುಮುರುಕು ಭಾಷೆಯಲ್ಲಿ ಮೆಲ್ಲಗೆ ಶುರು ಮಾಡಿದಳು. "ಬಿ.ಪಿ. ಇಳಿಯೋ ತನಕ ಕಾಯಬಾರದು ಸಾರ್. ಅಷ್ಟೊತ್ತಿಗೆ ತಡ ಆಗಿರತ್ತೆ. ಅದಕ್ಕೂ ಮೊದ್ಲೇ ಮನುಷ್ಯ ಚಡಪಡಿಸ್ತಾನೆ. ಹೊದಿಕೆ ಕಿತ್ತು ಹಾಕ್ತಾನೆ. ನಾಡಿ ಓಡತ್ತೆ, ಕೈ ತಣ್ಣಗಾಗತ್ತೆ. ನೀರು ನೀರು ಅಂತಾನೆ."

"ಎಲ್ಲಿ ಓದಿದ್ರಿ ಇದನ್ನ?"

"ಓದಿಲ್ಲ. ಏಳನೇ ನಂಬರ್ ಹಾಸಿಗೇಲಿ ಒಬ್ಬ ಬಡಗಿ ಇದ್ದ. ಮೂರು ಸಲ ನೀರು ಕೇಳ್ದ. ಕೈ ಮುಟ್ಟಿದ್ರೆ ತಣ್ಣಗೆ. ನಂಗೆ ಗೊತ್ತಾಯ್ತು. ಆದ್ರೆ ಬಿ.ಪಿ. ಸರಿ ಇತ್ತು. ಬಿ.ಪಿ. ನಂಬರ್ ಇಳೀದೆ ಫೋನ್ ಮಾಡಿದ್ರೆ ಹುಷಾರ್ ಅಂತ ಡಾಕ್ಟ್ರು ಹಿಂದಿನ ವಾರಾನೇ ಬೈದಿದ್ರು. ಕಾದೆ. ನಂಬರ್ ಇಳೀತು. ಅವನು ಉಳೀಲಿಲ್ಲ."

ಹನ್ನೊಂದು ತಿಂಗಳು ಒಂದೇ ಕೋಣೆಯಲ್ಲಿದ್ದರೂ ಈ ಬಡಗಿಯ ಸುದ್ದಿ ನನಗೆ ಗೊತ್ತಿರಲಿಲ್ಲ.

"ಇದನ್ನ ಯಾಕೆ ಬರೀಲಿಲ್ಲ ನೀವು?" ಪ್ರೊಫೆಸರ ದನಿ ಇಳಿದಿತ್ತು.

"ಇದಕ್ಕೆ ಮಾರ್ಕ್ಸ್ ಇದೆಯಾ ಸಾರ್?" ಎಂದಳು. ಕೊಂಕಿಗಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಳು.

ಅವರು ಉತ್ತರಪತ್ರಿಕೆಯನ್ನು ಬದಿಗೆ ಸರಿಸಿದರು. "ಇದೆ" ಎಂದರು. "ಮುಂದಿನ ವಾರ ಬಂದು ಪರೀಕ್ಷೆ ಮತ್ತೆ ಬರೀರಿ. ಭಾಷೆ ತಪ್ಪಾದ್ರೂ ಪರವಾಗಿಲ್ಲ." ಅಧ್ಯಕ್ಷೆ ಕಡತದ ಮೇಲೆ 'ಆರೋಪ ಇಲ್ಲ' ಎಂದು ಬರೆದು ಸಹಿ ಹಾಕಿದರು.

ಹೊರಗೆ ಬಂದವಳೇ ಕುಣಿದಾಡಿಬಿಟ್ಟೆ. "ಮಗಳಿಗೆ ಫೋನ್ ಹಚ್ಚಿ ಸಿಸ್ಟರ್! ಸೈಕಲ್ಲೂ ತರ್ಲಿ, ಜೊತೆಗೆ ಅವಳ ಚಿಕ್ಕಮ್ಮನ್ನೂ ತರ್ಲಿ!"

ಅವಳು ಮೆಟ್ಟಿಲ ಮೇಲೆ ಕುಸಿದು ಕೂತಿದ್ದಳು. ಇಷ್ಟು ದಿನ ಒಂದು ಹನಿ ಕಣ್ಣೀರು ಹಾಕದವಳು ಈಗ ಸೆರಗಿಗೆ ಮುಖ ಒತ್ತಿ ಬಿಕ್ಕುತ್ತಿದ್ದಳು. ಪಕ್ಕದಲ್ಲಿ ಕೂತು ಬೆನ್ನು ಸವರಿದೆ.

"ಆ ಬಡಗಿ ಹೆಂಡ್ತಿ ನನ್ನ ಕೈ ಹಿಡ್ಕೊಂಡು, ನೀವು ನಿಮ್ಮ ಕೈಲಾದ್ದೆಲ್ಲಾ ಮಾಡಿದ್ರಿ ಸಿಸ್ಟರ್ ಅಂದ್ಲು ಕಣೇ" ಎಂದಳು. "ನಾನು ಹ್ಞೂಂ ಅಂದುಬಿಟ್ಟೆ."