ಚಿಕ್ಕಮ್ಮನ ಅಲಸಂದೆ, ಚಿಕ್ಕಪ್ಪನ ಚಿಮುಟ

ಭಾನುವಾರ ಬೆಳಗ್ಗೆ ಆರು ನಲವತ್ತಕ್ಕೆ ಚಿಕ್ಕಮ್ಮ ತಾರಸಿಯ ಮೇಲೆ ಮಂಡಿಯೂರಿ, ಅಲಸಂದೆ ಬಳ್ಳಿಯ ತುದಿಗೆ ಭೂತಗನ್ನಡಿ ಹಿಡಿದು ಹುಳ ಹುಡುಕುತ್ತಿದ್ದಳು. ಗಿಡದ ರಸ ಹೀರುವ ಹೇನುಗಳೇನೋ ಇದ್ದವು, ಎಳೆ ಚಿಗುರಿಗೆ ಕರಿ ಎಳ್ಳು ಮೆತ್ತಿದ ಹಾಗೆ ಕಿಕ್ಕಿರಿದಿದ್ದವು. ಅವಳಿಗೆ ಬೇಕಿದ್ದದ್ದು ಆ ಹೇನುಗಳನ್ನು ತಿನ್ನುವ ಹುಳ. ಹಿಂದಿನ ಸಂಜೆ ಬಳ್ಳಿಯ ತುಂಬ ಓಡಾಡಿಕೊಂಡಿದ್ದವು: ಕಪ್ಪು ಮೈ, ಬೆನ್ನ ಮೇಲೆ ಕಿತ್ತಳೆ ಚುಕ್ಕೆ, ಅಕ್ಕಿಕಾಳಿನಷ್ಟು ಉದ್ದದ ಮೊಸಳೆಮರಿಯ ರೂಪ. ಬೆಳೆದ ಮೇಲೆ ಕೆಂಪು ಬೆನ್ನಿನ ಗುಲಗಂಜಿ ಹುಳುಗಳಾಗಬೇಕಿದ್ದ ಮರಿಗಳು. ಈಗ ಒಂದೂ ಕಾಣಿಸಲಿಲ್ಲ.

"ರೀ, ಇಲ್ಲಿ ಯಾರಾದ್ರೂ ಬಂದಿದ್ರಾ?"

ಚಿಕ್ಕಪ್ಪ ನೀರಿನ ಟ್ಯಾಂಕಿನ ಹಿಂದಿನಿಂದ ಎದ್ದು ಬಂದ. ಒಂದು ಕೈಯಲ್ಲಿ ಚಿಮುಟ, ಇನ್ನೊಂದರಲ್ಲಿ ಸೋಪಿನ ನೀರು ತುಂಬಿದ ಜಾಮ್ ಬಾಟಲಿ.

"ನಾನೇ. ಬೆಳಕು ಹರಿಯೋಕೆ ಮುಂಚೆನೇ ಶುರು ಮಾಡ್ದೆ. ಒಂದನ್ನೂ ಬಿಟ್ಟಿಲ್ಲ ನೋಡು."

ಬಾಟಲಿಯ ತಳದಲ್ಲಿ ಮೊಸಳೆಮರಿಗಳು ರಾಶಿಯಾಗಿ ಬಿದ್ದಿದ್ದವು. ಚಿಕ್ಕಮ್ಮ ಬಾಟಲಿಯನ್ನು ಬಿಸಿಲಿಗೆ ಹಿಡಿದು ನೋಡಿದಳು, ಅಲುಗಾಡಿಸಿ ಮತ್ತೊಮ್ಮೆ ನೋಡಿದಳು. ಆಮೇಲೆ ಅದನ್ನು ನೆಲಕ್ಕಿಟ್ಟು ಎರಡೂ ಕೈಯಿಂದ ಹಣೆ ಒತ್ತಿಕೊಂಡಳು.

"ಇವೇನು ಅಂತ ಗೊತ್ತಾ ನಿಮಗೆ?"

"ಹುಳ. ಮುಖ ನೋಡಿದ್ರೆ ಗೊತ್ತಾಗಲ್ವಾ? ಎಷ್ಟು ಅಸಹ್ಯವಾಗಿದೆ."

"ನಮ್ಮ ಕಡೆ ಹುಳ ರೀ ಅವು! ಹೇನು ತಿನ್ನೋವು!"

"ನಮ್ಮ ಕಡೆಯವು ಅಂತ ಬೆನ್ನ ಮೇಲೆ ಬರೆದಿತ್ತಾ? ಹುಳ ಆರಿಸಿ ಅಂದವಳು ನೀನೇ ತಾನೇ?"

"ಬದನೆ ಗಿಡದಲ್ಲಿ! ಕಾಯಿ ಕೊರೆಯೋ ಹುಳ! ಇದೇನು ಬದನೆ ಗಿಡನಾ?"

ಚಿಕ್ಕಪ್ಪ ಬಳ್ಳಿಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದ. ಬದನೆಯಲ್ಲ ಎಂಬುದನ್ನು ಒಪ್ಪಲೇಬೇಕಿತ್ತು.

ಅವನ ಮೇಲೆ ಪೂರ್ತಿ ತಪ್ಪು ಹೊರಿಸುವಂತೆಯೂ ಇಲ್ಲ. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯಾಗುವವರೆಗೂ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವನು. ಕಣ್ಣಿಗೆ ಬಿದ್ದ ತಪ್ಪನ್ನು ಹಾಗೇ ಬಿಟ್ಟು ಮುಂದೆ ಹೋಗುವುದು ಅವನ ಕೈಲಾಗದ ಕೆಲಸ. ಹೋಟೆಲಿನಲ್ಲಿ ತಿಂಡಿಯ ಪಟ್ಟಿ ಕೊಟ್ಟರೆ ಪೆನ್ನು ತೆಗೆದು ಮೊದಲು ಒತ್ತಕ್ಷರ ತಿದ್ದುತ್ತಾನೆ, ಆಮೇಲೆ ತಿಂಡಿ ಹೇಳುತ್ತಾನೆ. ತೂತು ಬಿದ್ದ ಎಲೆ ಅವನ ಪಾಲಿಗೆ ಅಚ್ಚಿನ ದೋಷ. ನಿವೃತ್ತನಾದ ಹೊಸದರಲ್ಲಿ, ಚಿಕ್ಕಮ್ಮ ಕೆಲಸದಿಂದ ಬರುವಷ್ಟರಲ್ಲಿ ಬದನೆ ಗಿಡದ ತೂತಿನ ಎಲೆಗಳನ್ನೆಲ್ಲ ಕಿತ್ತು, ಗಿಡವನ್ನು ಬಟ್ಟೆ ಹಾರಿಹೋದ ಛತ್ರಿಯ ಕಡ್ಡಿಗಳಂತೆ ನಿಲ್ಲಿಸಿದ್ದ. ಅವತ್ತು ಅವಳು ಅವನನ್ನು ಕೂರಿಸಿ ಪಾಠ ಹೇಳಿದ್ದಳು.

"ಗಿಡಕ್ಕೆ ಎಲ್ಲಾ ಎಲೆನೂ ನೆಟ್ಟಗಿರಬೇಕು ಅಂತಿಲ್ಲ. ನೂರಕ್ಕೆ ಇಪ್ಪತ್ತು ಹೋದ್ರೂ ಕಾಯಿ ಬಿಡುತ್ತೆ. ಅಷ್ಟು ಹುಳಕ್ಕೆ ಬಿಡ್ಬೇಕು. ತಿನ್ನೋ ಹುಳ ಒಂದಿಷ್ಟು ಇದ್ರೇನೇ ಅದನ್ನ ತಿನ್ನೋ ಹುಳ ಬರೋದು. ಇಪ್ಪತ್ತು ದಾಟಿದ್ರೆ ನನಗೆ ಹೇಳಿ, ಆಮೇಲೆ ಕೈ ಹಾಕೋಣ."

"ನೂರಕ್ಕೆ ಇಪ್ಪತ್ತು ತಪ್ಪು ಬಿಟ್ಟಿದ್ರೆ ನನ್ನನ್ನ ಪ್ರೆಸ್ಸಿಂದ ಒದ್ದು ಓಡಿಸ್ತಿದ್ರು," ಎಂದಿದ್ದ.

ಇದೆಲ್ಲ ಬೇರೆ ದಿನವಾಗಿದ್ದರೆ ಮನೆಯೊಳಗಿನ ಜಗಳವಾಗಿ ಮುಗಿಯುತ್ತಿತ್ತು. ಆದರೆ ಎರಡು ದಿನದ ಹಿಂದೆಯಷ್ಟೇ ಓನರಮ್ಮ ಮೇಲೆ ಬಂದು ಹೋಗಿದ್ದರು. ಅವರದು ಕೆಳಗಿನ ಮನೆ, ಚಿಕ್ಕಮ್ಮನವರದು ಮೇಲಿನ ಬಾಡಿಗೆ ಮನೆ, ಅದರ ಮೇಲೆ ತಾರಸಿ. ಓನರಮ್ಮನ ಅಡುಗೆಮನೆಯ ಕಿಟಕಿಯ ಮೂಲೆಯಿಂದ ಹೊರಟ ಇರುವೆಸಾಲು ನೀರಿನ ಪೈಪು ಹಿಡಿದು ಅಲಸಂದೆ ಬಳ್ಳಿಯವರೆಗೂ ಹರಿದಿತ್ತು. ಅವರ ಮಗಳು ಹಸುಗೂಸನ್ನು ಎತ್ತಿಕೊಂಡು ಬರುವವಳಿದ್ದಳು.

"ನೋಡಮ್ಮ, ಔಷಧಿ ಹೊಡೆಯೋವನಿಗೆ ಹೇಳಿಬಿಟ್ಟಿದೀನಿ. ಕುಂಡ ಎಲ್ಲಾದಕ್ಕೂ ಹೊಡೀಲಿ, ಇಲ್ಲಾಂದ್ರೆ ಕುಂಡ ಕೆಳಗಿಳಿಸಿ."

"ಅಕ್ಕಾ, ನಿಮ್ಮ ಮೊಮ್ಮಗು ಬಟ್ಟೆ ಒಣಗೋದು ಇದೇ ತಂತಿ ಮೇಲೆ. ಆ ವಿಷದ ಪಕ್ಕದಲ್ಲಾ?"

ಓನರಮ್ಮ ತಂತಿಯನ್ನೂ ಬಳ್ಳಿಯನ್ನೂ ನೋಡಿದರು. ಎರಡಕ್ಕೂ ನಡುವೆ ಒಂದು ಮಾರು ಅಂತರ.

"ಮುಂದಿನ ವಾರ ಭಾನುವಾರದವರೆಗೂ ನೋಡ್ತೀನಿ. ಇರುವೆ ಹೋಗ್ಲಿಲ್ಲ ಅಂದ್ರೆ ನನ್ನ ಮಾತು."

ಚಿಕ್ಕಮ್ಮನಿಗೆ ಆ ಕುಂಡಗಳು ಯಾಕೆ ಅಷ್ಟು ಮುಖ್ಯ ಎನ್ನುವವರು ಅವಳ ಕೆಲಸದ ಜಾಗ ನೋಡಬೇಕು. ಕನ್ನಡಕದ ಅಂಗಡಿಯ ಹಿಂದೆ, ಕಿಟಕಿಯಿಲ್ಲದ ಒಂದು ಇಕ್ಕಟ್ಟಾದ ಕೋಣೆ. ಒಂದು ಟ್ಯೂಬ್‌ಲೈಟ್, ಸದಾ ನೀರು ತೊಟ್ಟಿಕ್ಕುವ ಉಜ್ಜುವ ಚಕ್ರ. ಬೆಳಗ್ಗೆಯಿಂದ ಸಂಜೆಯವರೆಗೆ ಲೆನ್ಸಿನ ಅಂಚು ಉಜ್ಜಿ ಫ್ರೇಮಿಗೆ ಕೂರಿಸುತ್ತಾಳೆ. ಅಲ್ಲಿ ಅವಳ ನೋಟ ಮೊಳ ದೂರ ದಾಟುವುದಿಲ್ಲ. ದಾಟುವುದು ಸಂಜೆ ತಾರಸಿಗೆ ಬಂದಾಗ ಮಾತ್ರ. ಔಷಧಿ ಬಿದ್ದರೆ ಕಾಯಿ ತಿನ್ನುವಂತಿಲ್ಲ, ಕುಂಡ ಇಳಿದರೆ ಮೇಲೆ ಹತ್ತಲು ಕಾರಣವೇ ಇಲ್ಲ. ಹೇನು ಹೋದರೆ ಇರುವೆಯೂ ಹೋಗುತ್ತದೆ ಎಂದು ಅವಳು ಗುಲಗಂಜಿ ಮರಿಗಳನ್ನೇ ನಂಬಿ ವಾರದ ಗಡುವಿಗೆ ಒಪ್ಪಿದ್ದಳು. ಆ ಮರಿಗಳು ಈಗ ಜಾಮ್ ಬಾಟಲಿಯಲ್ಲಿದ್ದವು.

"ಬೈದುಬಿಡು," ಎಂದ ಚಿಕ್ಕಪ್ಪ. "ಸುಮ್ಮನಿದ್ರೆ ಭಯ ಆಗುತ್ತೆ."

"ಬೈದ್ರೆ ಅವು ಎದ್ದು ಬರ್ತಾವಾ?"

ಚಿಕ್ಕಮ್ಮ ಮತ್ತೆ ಮಂಡಿಯೂರಿದಳು. ಏನು ಉಳಿದಿದೆಯೋ ನೋಡೋಣ ಎಂದು ಒಂದು ಎಲೆಯನ್ನು ಮಗುಚಿದಳು. ಹಿಂಬದಿಯಲ್ಲಿ ಗುಲಗಂಜಿ ಹುಳುವಿನ ಹಳದಿ ಬಣ್ಣದ ಮೊಟ್ಟೆಗಳ ಒಂದು ಗುಂಪು, ಒಂದಕ್ಕೊಂದು ಒತ್ತಿ ನೆಟ್ಟಗೆ ನಿಂತಿತ್ತು. ಪಕ್ಕದ ಎಲೆ ಮಗುಚಿದಳು. ಅಲ್ಲಿ ಒಂದು ಮೊಸಳೆಮರಿ, ಬಾಯಲ್ಲಿ ಹೇನು ಕಚ್ಚಿಕೊಂಡು, ಯಾರ ಹಂಗೂ ಇಲ್ಲದೆ ತಿನ್ನುತ್ತಿತ್ತು.

"ನೀವು ಎಲೆ ಹಿಂದೆ ನೋಡ್ಲಿಲ್ವಾ?"

"ಹಿಂದೆನಾ?" ಚಿಕ್ಕಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಗ್ಯಾಲಿ ಪ್ರೂಫಿನ ಹಿಂದೆ ಏನಿರುತ್ತೆ? ಖಾಲಿ."

ಒಂದೇ ಬದಿಗೆ ಅಚ್ಚಾದ ಹಾಳೆಗಳನ್ನು ಜೀವಮಾನವಿಡೀ ಓದಿದ ಮನುಷ್ಯ, ಇಡೀ ಬಳ್ಳಿಯಲ್ಲಿ ಒಂದು ಎಲೆಯನ್ನೂ ಮಗುಚಿರಲಿಲ್ಲ. ಚಿಕ್ಕಮ್ಮನಿಗೆ ನಗು ಬಂತು, ಆದರೆ ಅದನ್ನು ಅವನಿಗೆ ತೋರಿಸುವ ಮನಸ್ಸು ಬರಲಿಲ್ಲ. ಕೈಚಾಚಿ ಚಿಮುಟ ಕಿತ್ತುಕೊಂಡಳು. ಅಂಗಡಿಯಲ್ಲಿ ಕನ್ನಡಕದ ಸಣ್ಣ ಸ್ಕ್ರೂ ಹಿಡಿಯುವ ಚಿಮುಟ ಅದು, ಅವಳದೇ.

ಉಳಿದ ಮೊಟ್ಟೆಗಳನ್ನು ಮಾತ್ರ ನಂಬಿ ಕೂರುವಂತಿರಲಿಲ್ಲ. ಬಳ್ಳಿಯಿಡೀ ಹುಡುಕಿ, ಮೊಟ್ಟೆಯಿದ್ದ ಎಲೆಗಳ ತೊಟ್ಟಿಗೆ ಗುರುತಿಗಾಗಿ ಕೆಂಪು ದಾರ ಕಟ್ಟಿದಳು. ಮಿಕ್ಕ ಎಲೆಗಳ ಹಿಂಬದಿಗೆ ಪೈಪಿನಿಂದ ಜೋರಾಗಿ ನೀರು ಹಾಯಿಸಿದಳು. ಉದುರಿಬಿದ್ದ ಹೇನು ಹತ್ತಿ ಬರುವುದು ಅಪರೂಪ. ಹೇನು ತೀರಾ ಮುತ್ತಿದ್ದ ಚಿಗುರುಗಳನ್ನು ಚಿವುಟಿ ಸೋಪಿನ ನೀರಿಗೆ ಹಾಕಿದಳು. ಉಳಿದದ್ದು ಇರುವೆ. ಹೇನಿನ ಮೈಯಿಂದ ಜಿನುಗುವ ಸಿಹಿಗಾಗಿ ಇರುವೆಗಳು ಅವನ್ನು ಹಸು ಸಾಕಿದ ಹಾಗೆ ಸಾಕುತ್ತವೆ, ತಿನ್ನಲು ಬಂದ ಹುಳವನ್ನು ಅಟ್ಟುತ್ತವೆ. ಕುಂಡದ ಸುತ್ತ, ಬಳ್ಳಿ ಹಬ್ಬಿಸಿದ ಹಗ್ಗಗಳ ಎರಡೂ ತುದಿಗೆ ಟೇಪು ಸುತ್ತಿ ಅದರ ಮೇಲೆ ವ್ಯಾಸಲೀನ್ ಬಳಿದಳು. ಓನರಮ್ಮನ ಕಿಟಕಿಯ ಬಿರುಕಿಗೆ ಬಿಳಿ ಸಿಮೆಂಟು ತುಂಬುವ ಕೆಲಸ ಚಿಕ್ಕಪ್ಪನಿಗೆ ಬಿತ್ತು. ಅದನ್ನು ಅವನು ಎಷ್ಟು ಅಚ್ಚುಕಟ್ಟಾಗಿ ಮಾಡಿದನೆಂದರೆ, ಪಕ್ಕದ ಎರಡು ಕಿಟಕಿಗಳ ಬಿರುಕುಗಳೂ ತುಂಬಿಹೋದವು.

"ನಾಳೆಯಿಂದ ನಿಮ್ಮ ಕೆಲಸ ನೋಡೋದು ಮಾತ್ರ. ಎರಡೂ ಬದಿ. ಮುಟ್ಟೋ ಹಾಗಿಲ್ಲ. ಏನಾದ್ರೂ ಇದ್ರೆ ನನಗೆ ಹೇಳಿ."

ಸೋಮವಾರ ಚಿಮುಟವನ್ನು ಕೈಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದಳು. ಹೇಳಿ ಎಂದದ್ದು ಎಂಥ ತಪ್ಪು ಎಂದು ಮಧ್ಯಾಹ್ನದ ಹೊತ್ತಿಗೆ ತಿಳಿಯಿತು. ಫೋನು ಬಿಡುವಿಲ್ಲದೆ ಬಡಿದುಕೊಂಡಿತು.

"ಮೂರನೇ ಹಗ್ಗ, ಮೇಲಿಂದ ಐದನೇ ಎಲೆ, ಎಡಗಡೆ ಅಂಚಲ್ಲಿ ಒಂದು ತೂತು."

"ಇರಲಿ."

"ನಿನ್ನೆ ಇರಲಿಲ್ಲ ಕಣೇ."

"ಇರಲಿ ರೀ!"

ಬುಧವಾರ ಅಂಗಡಿಯ ತುಂಬ ಗಿರಾಕಿಗಳಿದ್ದಾಗ ಮತ್ತೆ ಫೋನು. ದನಿ ಕುಗ್ಗಿತ್ತು. "ಕೆಂಪು ದಾರದ ಮೊಟ್ಟೆ ಎಲ್ಲಾ ಒಡೆದುಹೋಗಿದೆ. ಕೆಟ್ಟುಹೋದ್ವೋ ಏನೋ. ಸುತ್ತ ಏನೋ ಕಪ್ಪಗೆ ಹರಿದಾಡ್ತಿದೆ. ಒರೆಸಿಬಿಡ್ಲಾ?"

"ಮುಟ್ಟಬೇಡಿ!"

ಕಿರುಚಿದ್ದು ಹೊರಗಿನವರೆಗೂ ಕೇಳಿಸಿತು. ಕನ್ನಡಿಯ ಮುಂದೆ ಫ್ರೇಮ್ ಹಾಕಿ ನೋಡುತ್ತಿದ್ದ ಗಿರಾಕಿ ಬೆಚ್ಚಿ, ಫ್ರೇಮ್ ತೆಗೆದು ಟ್ರೇಗೆ ಇಟ್ಟುಬಿಟ್ಟ. ಅಂಗಡಿಯ ಮಾಲೀಕ ಒಳಗೆ ಇಣುಕಿದಾಗ ಚಿಕ್ಕಮ್ಮ ಫೋನನ್ನು ಕೈಚೀಲಕ್ಕೆ ತುರುಕಿ, ಮುಂದಿನ ಲೆನ್ಸನ್ನು ಚಕ್ರಕ್ಕೆ ಹಿಡಿದಳು.

ಭಾನುವಾರ ಓನರಮ್ಮ ಬಂದರು. ಹಿಂದೆಯೇ, ಬೆನ್ನಿಗೆ ಡಬ್ಬ ಕಟ್ಟಿಕೊಂಡ ಔಷಧಿಯವನು. ಚಿಕ್ಕಮ್ಮ ಬಳ್ಳಿಗೆ ಅಡ್ಡವಾಗಿ ನಿಂತಳು.

"ಇರುವೆ ಹೇಗಿದೆ ಅಕ್ಕಾ?"

"ಎರಡು ದಿನದಿಂದ ಕಾಣ್ಲಿಲ್ಲ," ಎಂದರು ಓನರಮ್ಮ, ಒಪ್ಪಲು ಇಷ್ಟವಿಲ್ಲದವರಂತೆ. "ಆದ್ರೂ ಕರೆಸಿಬಿಟ್ಟಿದೀನಲ್ಲ."

ಬಳ್ಳಿಯ ತುದಿಗಳು ಹಸಿರಾಗಿದ್ದವು. ಹೇನು ಪೂರ್ತಿ ಹೋಗಿರಲಿಲ್ಲ. ಅಲ್ಲೊಂದು ಇಲ್ಲೊಂದು ಗುಂಪು, ಪ್ರತಿ ಗುಂಪಿನ ಪಕ್ಕ ಒಂದೋ ಎರಡೋ ಮರಿ. ಓನರಮ್ಮ ಕನ್ನಡಕ ಏರಿಸಿ ನೋಡಿದರು.

"ಹುಳ ಇನ್ನೂ ಇದೆಯಲ್ಲಮ್ಮ! ಈ ಎಲೆ ನೋಡು, ಜರಡಿ ಆಗಿದೆ." ಕೆಂಪು ದಾರದ ಎಲೆಯೊಂದನ್ನು ಕೀಳಲು ಕೈ ಚಾಚಿದರು.

"ಕೀಳಬೇಡಿ!" ಎಂದವನು ಚಿಕ್ಕಪ್ಪ. ಓನರಮ್ಮನಿಗೂ ಎಲೆಗೂ ನಡುವೆ ತನ್ನ ಕೈ ಅಡ್ಡ ಇಟ್ಟಿದ್ದ. "ಅದು ಇರಬೇಕಾದ ತೂತು. ಬಳ್ಳಿ ಪೂರ್ತಿ ನೋಡಿದೀನಿ, ಎರಡೂ ಬದಿ. ನೂರಕ್ಕೆ ಇಪ್ಪತ್ತರ ಒಳಗಿದೆ. ಆ ಕಪ್ಪು ಹುಳ ಮಾತ್ರ ಮುಟ್ಟಬೇಡಿ, ಅದು ನಮ್ಮ ಕಡೇದು."

ಚಿಕ್ಕಮ್ಮ ಅವನನ್ನೇ ನೋಡಿದಳು. ತೂತಿನ ಎಲೆಯೊಂದನ್ನು ಅವನು ಕಾಪಾಡಿದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

"ನಾನು ಕಾಯ್ಲಾ, ಹೋಗ್ಲಾ?" ಎಂದ ಔಷಧಿಯವನು. ಡಬ್ಬದ ಭಾರಕ್ಕೆ ಅವನ ಭುಜ ವಾಲಿತ್ತು.

ಓನರಮ್ಮ ಒಮ್ಮೆ ಬಟ್ಟೆ ಒಣಗಿಸುವ ತಂತಿಯ ಕಡೆ ನೋಡಿದರು. "ಹೋಗಪ್ಪ. ಇರುವೆ ಮತ್ತೆ ಬಂದ್ರೆ ಕರೀತೀನಿ." ಮೆಟ್ಟಿಲಿಳಿಯುವಾಗ ತಿರುಗಿ ನಿಂತು, "ಅಲಸಂದೆ ಬಿಟ್ಟಾಗ ಕೆಳಗೂ ಒಂದಿಷ್ಟು ಕಳಿಸು. ತೂತಿಲ್ಲದ್ದು," ಎಂದರು.

ಸಂಜೆ ಇಬ್ಬರೂ ಟ್ಯಾಂಕಿನ ಕಟ್ಟೆಯ ಮೇಲೆ ಕೂತಿದ್ದಾಗ ಚಿಕ್ಕಮ್ಮ ಕೈಚೀಲದಿಂದ ಚಿಮುಟ ತೆಗೆದು ಅವನ ಕೈಗೆ ಕೊಟ್ಟಳು. "ಬದನೆಗೆ ಮಾತ್ರ."

ಚಿಕ್ಕಪ್ಪ ಅದನ್ನು ಒಂದೆರಡು ಸಲ ಒತ್ತಿ ನೋಡಿದ. ಬೆಳಗಿನ ಸಾಧನೆಯಿಂದ ಅವನಿಗೆ ಸ್ವಲ್ಪ ಧೈರ್ಯ ಬಂದಿತ್ತು.

"ಅಲ್ಲ ಕಣೇ, ಗಿಡಕ್ಕೆ ಇಪ್ಪತ್ತು ಬಿಡ್ತೀಯ. ನನ್ನ ತಪ್ಪಿಗೆ ಎಷ್ಟು ಬಿಟ್ಟಿದೀಯ?"

"ನಿಮಗಾ? ನಿಮ್ಮನ್ನ ಇಪ್ಪತ್ತಕ್ಕೆ ನಿಲ್ಲಿಸಿದ್ರೆ ಮದುವೆಯಾದ ವರ್ಷಾನೇ ಔಷಧಿಯವನನ್ನ ಕರೆಸಬೇಕಾಗ್ತಿತ್ತು." ಚಿಕ್ಕಮ್ಮ ಬಳ್ಳಿಯ ಕಡೆ ತಿರುಗಿ, ಒಂದು ಎಲೆ ಮಗುಚಿ ನೋಡಿ, ಹಾಗೇ ಬಿಟ್ಟಳು. "ನೂರಕ್ಕೆ ನಲವತ್ತು."