ಹಾಸ್ಟೆಲ್ ಅಡುಗೆಯಾಕೆಯ ಉಪವಾಸ

ಈ ಮಾರ್ಚ್‌ನ ಎರಡನೇ ಶುಕ್ರವಾರಕ್ಕೆ ಶಹಾಪುರದ ಒಂದು ಕ್ರೈಸ್ತ ಹಾಸ್ಟೆಲ್‌ನ ಅಡುಗೆಯಾಕೆ ಊಟ ಬಿಟ್ಟು ಹನ್ನೆರಡು ದಿನವಾಗಿತ್ತು. ನೀರು, ಬೆಳಗಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದದ ತೆಳು ಬಿಲ್ಲೆ, ಅಷ್ಟೇ ಆಕೆಯ ಆಹಾರ ಎಂದು ಹಾಸ್ಟೆಲ್ ನೋಡಿಕೊಳ್ಳುವ ಸಿಸ್ಟರ್ ನನಗೆ ಹೇಳಿದರು.

ಊಟದ ಹೊತ್ತಿಗೆ ಸಂತರ ಚರಿತ್ರೆ ಓದಿಸುವುದು ಅಲ್ಲಿಯ ಪದ್ಧತಿ. ದೇವರ ದರ್ಶನ ಕಾಣುತ್ತ, ವರ್ಷಗಟ್ಟಲೆ ಬರೀ ಪರಮಪ್ರಸಾದದ ಮೇಲೆ ಬದುಕಿದ ಒಬ್ಬ ಸನ್ಯಾಸಿನಿಯ ಕಥೆಯನ್ನು ಆಕೆ ರೊಟ್ಟಿ ಬಡಿಯುತ್ತ ಕೇಳಿದ್ದಳು. ಅದೇ ವಾರ ಆಕೆಯ ಮಗಳನ್ನು ಜ್ವರವೆಂದು ಯಾದಗಿರಿಯ ಆಸ್ಪತ್ರೆಗೆ ಸೇರಿಸಿದರು. ಮಗಳು ಉಳಿಯಲೆಂದು ತಾಯಿ ನಲವತ್ತು ದಿನದ ಹರಕೆ ಹೊತ್ತಳು. ಆಕೆಯ ಊರು ಮುದನಾಳದಿಂದ ಕೇರಿಯವರು ಬಂದು ಆಕೆಯ ಕಾಲು ಮುಟ್ಟತೊಡಗಿದಾಗ, ಪತ್ರಿಕೆಗೆ ಸುದ್ದಿ ಮಾಡಲೆಂದು ನಾನು ಹೋದೆ.

ನನಗೆ ನಂಬಿಕೆ ಇರಲಿಲ್ಲ. ಉಗ್ರಾಣ ನೋಡಿದೆ. ರೊಟ್ಟಿ ಬುಟ್ಟಿಯ ಬಟ್ಟೆ ಎತ್ತಿ ನೋಡಿದೆ. ಹನ್ನೆರಡು ದಿನ ಉಣ್ಣದವಳ ಕೈ ಅಷ್ಟು ದೊಡ್ಡ ಪಾತ್ರೆ ಇಳಿಸುವುದು ಹೇಗೆ?

"ಏನ್ರಿ ಪೇಪರ್‌ನವ್ರ, ಕಳ್ಳೀನ ಹಿಡಿಯಾಕ ಬಂದೀರೇನು?" ಆಕೆ ನಕ್ಕಳು. "ಹುಡುಕ್ರಿ, ಗಡಗಿ ಒಳಗೂ ಕೈ ಹಾಕ್ರಿ."

ಬೇಳೆ ಸಾರು ಕುದಿಯುತ್ತಿತ್ತು. ಮಾತಾಡುತ್ತಲೇ ಆಕೆ ಸೌಟಿನಿಂದ ಎರಡು ಹನಿ ಅಂಗೈಗೆ ಬಿಟ್ಟುಕೊಂಡಳು, ನೆಕ್ಕಿದಳು, ಒಂದು ಚಿಟಿಕೆ ಉಪ್ಪು ಹಾಕಿದಳು.

"ಉಪ್ಪು ಕಮ್ಮಿ ಇತ್ತೇನ್ರಿ?" ನಾನು ಕೇಳಿದೆ.

"ಜರ ಕಮ್ಮಿ ಇತ್ತು ನೋಡ್ರಿ," ಅಂದವಳು ಅಲ್ಲೇ ನಿಂತಳು. ಅಂಗೈ ನೋಡಿಕೊಂಡಳು. "ಯವ್ವಾ! ದಿನಾ ಹಿಂಗ ಮಾಡೀನೇನು?" ಸೌಟನ್ನು ಒಲೆಯ ಪಕ್ಕದಲ್ಲಿಟ್ಟಳು. "ನನ್ನ ಮಗಳ ಗತಿ ಏನ್ರಿ?"

ಸಿಸ್ಟರ್ ಒಳಗಿನಿಂದ ಓಡಿ ಬಂದು, ನಡೆದದ್ದನ್ನು ಕೇಳಿಕೊಂಡರು. "ಎರಡು ಹನಿ ಅಲ್ಲೇನವ್ವಾ? ದೇವ್ರು ಅದನ್ನ ಮನಸ್ಸಿಗಿ ಹಚ್ಚಿಕೊಳ್ಳಂಗಿಲ್ಲ."

"ಆತ ಹಚ್ಚಿಕೊಳ್ಳಂಗಿಲ್ಲ ಸಿಸ್ಟರ್. ನಾ ಹಚ್ಚಿಕೊಂಡೀನಿ."

ಕೈ ತಾನಾಗಿ ಹೋದದ್ದನ್ನು ನಾನು ಕಂಡೆ. ಉಳಿದ ದಿನಗಳಲ್ಲಿ ಆಕೆ ಏನು ತಿಂದಳು, ಏನು ಬಿಟ್ಟಳು, ಕಂಡಿಲ್ಲ. ನನ್ನ ಪ್ರಶ್ನೆಯೂ ಅಮಾಯಕವಾಗಿರಲಿಲ್ಲ. ಸುದ್ದಿಯಲ್ಲಿ ಕಂಡದ್ದಷ್ಟೇ ಬರೆದು ಸಂಪಾದಕರಿಗೆ ಕಳಿಸಿದೆ. ಅವರು ಅದನ್ನು ಹಾಕಲಿಲ್ಲ.

ಶನಿವಾರದಿಂದ ಆಕೆ ಹರಕೆಯ ದಿನಗಳನ್ನು ಮತ್ತೆ ಒಂದರಿಂದ ಎಣಿಸತೊಡಗಿದಳು. ಹತ್ತನೇ ದಿನ, ಸೋಮವಾರ, ಜ್ವರ ಬಿಟ್ಟ ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದರು. ಹನ್ನೊಂದನೇ ದಿನ ನಾನು ಹೋದಾಗ ತಾಯಿ ಇನ್ನೂ ಊಟ ಮುಟ್ಟಿಲ್ಲ ಎಂದು ಸಿಸ್ಟರ್ ಹೇಳಿದರು.