ಸಣ್ಣ ಅಕ್ಷರದ ಸುಮಿತ್ರಾ ಮೇಡಂ

ಸುಮಿತ್ರಾ ಮೇಡಂ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ಕ್ಯಾಪಿಟಲ್ ಇಲ್ಲದೆ ಸಣ್ಣ ಅಕ್ಷರದಲ್ಲೇ ಬರೆಯುತ್ತಿದ್ದರು. ವಿದ್ಯಾನಗರದ ಅವರ ಪುಟ್ಟ ಸಾಫ್ಟ್‌ವೇರ್ ಆಫೀಸಿಗೆ ಹೊಸ ಬೋರ್ಡು ಬಂದಾಗ, ಮೊದಲಕ್ಷರ ದೊಡ್ಡದಾಗಿದೆಯೆಂದು ಪೇಂಟರನನ್ನು ವಾಪಸು ಕರೆಸಿದರು. "ಕಣ್ಣಿಗೆ ಚುಚ್ಚತೈತ್ರಿ, ಸಣ್ಣದು ಮಾಡ್ರಿ" ಎಂದರು. ಪೇಂಟರ್ ನಮ್ಮ ಮುಖ ನೋಡಿದ. ನಾವು ನಗು ತಡೆದುಕೊಂಡೆವು.

ನಾನು ಕೆಲಸಕ್ಕೆ ಸೇರಿದಾಗ ಅವರಿಗೆ ಈ ಹಟ ಇರಲಿಲ್ಲ. ನಮ್ಮೂರಿಗೆ ಇಂಟರ್ನೆಟ್ ಇನ್ನೂ ಹೊಸದು. ರಕ್ತದಾನಿಗಳ ಸಂಘವೊಂದಕ್ಕೆ ಮೇಡಂ ಪುಕ್ಕಟೆಯಾಗಿ ವೆಬ್‌ಸೈಟ್ ಮಾಡಿಕೊಟ್ಟಿದ್ದರು. ರಕ್ತದ ಗುಂಪಿನ ಮೇಲೆ ಒತ್ತಿದರೆ ದಾನಿಗಳ ಹೆಸರು, ಫೋನ್ ನಂಬರು ಬರಬೇಕು. ಆಫೀಸಿನ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿ ತೆರೆದುಕೊಂಡಿತ್ತು.

ಒಂದು ಮಧ್ಯಾಹ್ನ, ವೆಬ್‌ಸೈಟಿನಲ್ಲಿ ಕೊಟ್ಟಿದ್ದ ಆಫೀಸಿನ ನಂಬರಿಗೆ ಫೋನ್ ಬಂತು. ನಾನೇ ಎತ್ತಿದೆ. ಆಸ್ಪತ್ರೆ ಪಕ್ಕದ ಸೈಬರ್ ಕೆಫೆಯಿಂದ ಯಾರೋ ಅಳುವ ದನಿಯಲ್ಲಿ, "ಓ ನೆಗೆಟಿವ್ ಒತ್ತಿದ್ರ ಏನೂ ಬರವಲ್ದ್ರಿ. ನನ್ನ ಹೆಂಡ್ತೀನ್ನ ಆಪರೇಷನ್‌ಗೆ ಒಳಗ ಕರ್ಕೊಂಡು ಹೋಗ್ಯಾರ್ರಿ" ಎಂದರು.

ವಿಷಯ ತಿಳಿದದ್ದೇ ಮೇಡಂ ರಿಸೀವರ್ ಕಸಿದುಕೊಂಡರು. "ಗಾಬರಿ ಆಗಬ್ಯಾಡ್ರಿ. ನಮ್ಮ ಕಂಪ್ಯೂಟರ್‌ನ್ಯಾಗ ಐತಿ. ನಾ ಹೇಳ್ತೇನಿ, ನೀವು ಬರಕೋರಿ." ಪ್ರತಿ ನಂಬರನ್ನೂ ಎರಡೆರಡು ಸಲ ಓದಿದರು.

ಆಮೇಲೆ ಹುಡುಕಿದರೆ ತೊಂದರೆ ಇದ್ದದ್ದು ಒಂದೇ ಅಕ್ಷರದಲ್ಲಿ. ಓ ನೆಗೆಟಿವ್ ದಾನಿಗಳ ಫೈಲಿನ ಹೆಸರು ಇಂಗ್ಲಿಷಿನ ದೊಡ್ಡ ಓ ಇಂದ ಶುರುವಾಗಿತ್ತು. ಅದನ್ನು ಕರೆಯುವ ಲಿಂಕಿನಲ್ಲಿ ಸಣ್ಣ ಓ ಇತ್ತು. ಆಫೀಸಿನ ಕಂಪ್ಯೂಟರಿನಲ್ಲಿದ್ದ ವಿಂಡೋಸ್‌ಗೆ ಎರಡೂ ಒಂದೇ. ಹೊರಗಿನವರಿಗೆ ವೆಬ್‌ಸೈಟ್ ತೋರಿಸುವ ಸರ್ವರಿನ ಲಿನಕ್ಸ್‌ಗೆ ಅವು ಬೇರೆ ಬೇರೆ ಹೆಸರು, ಹಾಗಾಗಿ ಅದಕ್ಕೆ ಫೈಲೇ ಸಿಕ್ಕಿರಲಿಲ್ಲ.

ಸಂಜೆ ಆತ ಮತ್ತೆ ಫೋನ್ ಮಾಡಿದರು. ರಕ್ತ ಸಿಕ್ಕಿತ್ತು, ಹೆಂಡತಿ ಪಾರಾಗಿದ್ದರು. ಮೇಡಂ ಹೇಳುತ್ತಿದ್ದದ್ದು ನನಗೆ ಕೇಳಿಸಿತು: "ಉಪಕಾರ ಅನಬ್ಯಾಡ್ರಿ. ಆ ಫೈಲಿಗೆ ತಪ್ಪು ಹೆಸರು ಇಟ್ಟಾಕಿ ನಾನ. ನಿಮಗ ತ್ರಾಸ ಆತು, ಕ್ಷಮಾ ಮಾಡ್ರಿ."

ಹೇಳದಿದ್ದರೆ ಆತನಿಗೆ ಗೊತ್ತೂ ಆಗುತ್ತಿರಲಿಲ್ಲ.

ಅಂದಿನಿಂದ ಎಲ್ಲ ಹೆಸರುಗಳೂ ಸಣ್ಣ ಅಕ್ಷರಕ್ಕಿಳಿದವು. ಹೊಸದಾಗಿ ಸೇರಿದವರಿಗೆ ಈ ಸಂಗತಿಯನ್ನು ಮೇಡಂ ತಾವೇ ಹೇಳುತ್ತಿದ್ದರು, ಏನನ್ನೂ ಮುಚ್ಚಿಡದೆ. ಹಾಗಾಗಿ ನಮ್ಮಲ್ಲಿ ಯಾರೂ ತಪ್ಪನ್ನು ಬಚ್ಚಿಡುತ್ತಿರಲಿಲ್ಲ. "ಮೇಡಂ, ಕೆಡಿಸೇನ್ರಿ" ಎಂದು ನಾನೇ ಎಷ್ಟೋ ಸಲ ಅವರ ಮುಂದೆ ನಿಂತಿದ್ದೇನೆ. "ಕುರ್ಚಿ ಎಳ್ಕೋ ತಂಗಿ, ನೋಡೋಣು" ಎನ್ನುತ್ತಿದ್ದರು.

ಆಫೀಸನ್ನು ಕಾಯಂ ಆಗಿ ಮುಚ್ಚಿದ ಮೇಲೆ ಅವರು ಕೆಲಗೇರಿಯಲ್ಲಿ ತಮ್ಮ ಸ್ವಂತ ತಂಗಿಯ ಮನೆಯಲ್ಲಿದ್ದರು. ಆರೋಗ್ಯ ಕೆಟ್ಟಿದೆಯೆಂದು ಕೇಳಿ ನೋಡಲು ಹೋದೆ. ಅದೇ ಕೊನೆಯ ಭೇಟಿಯಾಯಿತು. ಮಾತು ಜೋಡಿಸಿಕೊಂಡು ಹೋಗಿದ್ದೆ. ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತೆ. ಹೇಳಿದೆ: "ತಪ್ಪು ಒಪ್ಕೊಳ್ಳಾಕ ಅಂಜಬಾರ್ದು ಅನ್ನೋದು ನಿಮ್ಮಿಂದ ಕಲ್ತೇನ್ರಿ ಮೇಡಂ. ಎಲ್ಲಿ ಹೋದ್ರೂ ಅದ ನನ್ನ ಕೈ ಹಿಡದೈತಿ."

ಮಾತು ತೇಲಿಸಿಬಿಡುತ್ತಾರೆ ಎಂದುಕೊಂಡಿದ್ದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ, "ಇನ್ನೊಮ್ಮೆ ಹೇಳ ತಂಗಿ, ಕೇಳಾಕ ಛಲೋ ಅನಸತೈತಿ" ಎಂದರು.

ಇನ್ನೊಮ್ಮೆ ಹೇಳಿದೆ.